ಸಾವಿನ ಮನೆಗೆ ಹೋಗುವ ಹುಡುಗರನ್ನು ತಯಾರು ಮಾಡಿದ್ದು

‘ಫ್ರೀಜರ್ ಬಾಕ್ಸು, ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಸಾಕು, ಹುಡುಗರ ಬಟ್ಟೆ-ಮಾತು ಯಾರು ನೋಡ್ತಾರೆ’ ಅಂತ, ಸಾವಿನ ಮನೆಗೆ ಶವ ಇಡುವ ಬಾಕ್ಸು, ಶವದ ಗಾಡಿ ಒದಗಿಸುವ ನಮ್ಮದೇ ಕಸುಬಿನ ಬೆಂಗಳೂರಿನ ಹಲವರು ಹೇಳಿದ್ದರು. ನಾವು ಆ ಬಟ್ಟೆ-ಮಾತನ್ನೇ ತಿದ್ದಿದೆವು. ಈಗ ನಮಗೆ ಬರುವ ಕರೆಗಳಲ್ಲಿ ಅರ್ಧಕ್ಕೂ ಹೆಚ್ಚು, ಹಿಂದೆ ನಮ್ಮನ್ನು ಕರೆಸಿದ್ದ ಮನೆಯವರು ನಂಬರ್ ಕೊಟ್ಟು ಕಳಿಸಿದವು.

ಮೊದಲು ಬಿಳಿ ಶರ್ಟು ಹೊಲಿಸಿದೆವು. ಚಟ್ಟ ಎತ್ತುವಾಗ ಅರಿಶಿನ, ಕುಂಕುಮ ತಾಗಿ, ಎರಡನೇ ಮನೆಗೆ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಕಪ್ಪು ಕೆಲವರಿಗೆ ಆಗದು. ಕಡೆಗೆ ನಿಂತದ್ದು ಬೂದು ಬಣ್ಣ, ತುಂಬು ತೋಳು. ಒಂದು ಜೊತೆ ಬಟ್ಟೆಗೆ ಸುಮಾರು 1,200 ರೂಪಾಯಿ, ಒಬ್ಬೊಬ್ಬನಿಗೆ 3 ಜೊತೆ, ಅದರಲ್ಲಿ ಒಂದು ಗಾಡಿಯಲ್ಲೇ ಇರಬೇಕು. ಲೇಸಿನ ಶೂ ಬೇಡ, ಹೊಸ್ತಿಲಲ್ಲಿ ಬಿಚ್ಚುತ್ತಾ ಕೂರಬೇಕಾಗುತ್ತದೆ. ಸೆಂಟು, ಗುಟ್ಕಾ, ಸಿನಿಮಾ ಹಾಡಿನ ರಿಂಗ್‌ಟೋನು ಪೂರ್ತಿ ಬಂದ್.

ಅಸಲು ಕೆಲಸ ಫೋನಿನದು. ‘ಬಾಡಿ ಎಲ್ಲಿದೆ’ ಅನ್ನಕೂಡದು, ‘ತಾಯಿಯವರು ಮನೇಲಿದಾರಾ, ಆಸ್ಪತ್ರೇಲಾ’ ಅಂತ ಕೇಳಬೇಕು. ಮನೆಯಲ್ಲಾದರೆ ಡಾಕ್ಟರಿಂದ ಫಾರಂ 4ಎ (ಸಾವಿನ ಕಾರಣ ಬರೆದ ಸರ್ಟಿಫಿಕೇಟು) ಆಗಿದೆಯಾ, ಆಧಾರ್ ಕೈಯಲ್ಲಿದೆಯಾ? ಪೇಸ್‌ಮೇಕರ್ ಇತ್ತಾ? ತೆಗೆಸದೆ ವಿದ್ಯುತ್ ಚಿತಾಗಾರಕ್ಕೆ ಒಯ್ದರೆ ಒಳಗೆ ಸಿಡಿಯುತ್ತದೆ. ಎಷ್ಟನೇ ಮಹಡಿ, ಲಿಫ್ಟ್ ಎಷ್ಟು ದೊಡ್ಡದು? ಆರೂವರೆ ಅಡಿ ಬಾಕ್ಸು ಸಣ್ಣ ಲಿಫ್ಟಿಗೆ ಹೋಗದು. ನೇತ್ರದಾನದ ಮನಸ್ಸಿದ್ದರೆ ಸಾವಾದ ಸುಮಾರು 6 ಗಂಟೆಯೊಳಗೆ ಆಗಬೇಕು. ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಲು ಫೋನಿನಲ್ಲೇ ಹೇಳಬೇಕು.

ಮಣ್ಣೋ, ದಹನವೋ ಎಂಬುದನ್ನು ಕಡೆಗಿಟ್ಟುಕೊಂಡರೆ ಕೆಟ್ಟಿತು. ಲಿಂಗಾಯತರಲ್ಲಿ ಕೂರಿಸಿ ಮಣ್ಣು ಮಾಡುವುದುಂಟು. ಮೈ ಸೆಟೆಯುವುದು ಸಾವಾದ 2ರಿಂದ 4 ಗಂಟೆಯಲ್ಲಿ ಶುರುವಾಗಿ 12 ಗಂಟೆ ಹೊತ್ತಿಗೆ ಪೂರ್ತಿಯಾಗುತ್ತದೆ. ಕೇಳದೆ ಬಾಕ್ಸಿನಲ್ಲಿ ಮಲಗಿಸಿದರೆ ಆಮೇಲೆ ಮಕ್ಕಳ ಕಣ್ಣೆದುರೇ ಕಾಲು ಮಡಿಸಲು ಹೆಣಗಬೇಕು. ಇಂಥದ್ದಾದ ಮೇಲೆ ಎಷ್ಟು ಮೆತ್ತಗೆ ಮಾತಾಡಿದರೂ ಫಲವಿಲ್ಲ.

ದುಡ್ಡಿನ ಮಾತು. ಚಿತಾಗಾರದ ಬಾಗಿಲಲ್ಲಿ ನಮ್ಮ ಹುಡುಗರು ‘ಏನಾದ್ರೂ ನೋಡ್ಕೊಳ್ಳಿ ಸಾರ್’ ಅಂತ ಕೈ ಒಡ್ಡುವುದನ್ನು ಬರೀ ಬೈದು ನಿಲ್ಲಿಸಲಾಗಲಿಲ್ಲ, ಮರೆಯಲ್ಲಿ ಕೇಳುತ್ತಿದ್ದರು. ಟ್ರಿಪ್ಪಿಗೆ 300 ರೂಪಾಯಿ ಬಾಟಾ ಸೇರಿಸಿದ ಮೇಲೆ ನಿಂತಿತು. ತಿಂಗಳಿಗೆ ಇಪ್ಪತ್ತು ಸಾವಿರದ ಹತ್ತಿರ ಹೊರೆ, ಆದರೆ ಬಿಲ್ಲಿನ ಜಗಳ ಹೋದ್ದರಿಂದ ಗಿಟ್ಟಿದೆ. ರೇಟನ್ನು ಒಂದೇ ವಾಟ್ಸಾಪ್ ಮೆಸೇಜಿನಲ್ಲಿ, ಒಬ್ಬರಿಗೇ ಕಳಿಸಬೇಕು: ಬಾಕ್ಸಿನ ದಿನಬಾಡಿಗೆ, ಗಾಡಿಯ ಕಿಲೋಮೀಟರು, ವೇಟಿಂಗು, ಜೊತೆಗೆ ನಮ್ಮ ಲೆಕ್ಕಕ್ಕೆ ಬಾರದ ಹೂವು, ಪುರೋಹಿತರ ದಕ್ಷಿಣೆ. ಯಾವುದನ್ನು ಮೊದಲು ಬರೆಯುತ್ತೇವೆ, ಯಾರಿಗೆ ಕಳಿಸುತ್ತೇವೆ ಅನ್ನುವುದು ನಮ್ಮಲ್ಲೇ ಇರಲಿ.

ಗಾಡಿಯಲ್ಲಿ ಭಜನೆ ಹಾಕಿಯೂ ನೋಡಿದೆವು. ಒಂದೇ ಮನೆಯಲ್ಲಿ ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ. ಈಗ ಕೇಳಿದರೆ ಮಾತ್ರ. ಉಸ್ತುವಾರಿಯ ಹುಡುಗನಿಗೊಬ್ಬನಿಗೇ ಬ್ಯಾಡ್ಜ್ ಹಾಕಿದ್ದು ಮಾತ್ರ ಚೆನ್ನಾಗಿ ಕೂತಿತು, ನೆಂಟರೆಲ್ಲ ಅವನನ್ನೇ ಹುಡುಕುತ್ತಾರೆ.

ಹೊರಡುವಾಗ ‘ಬರ್ತೀವಿ’ ಅನ್ನುವ ಹಾಗಿಲ್ಲ, ಕೈ ಮುಗಿದು ಹೊರಡುವುದು. ವಾರ ಕಳೆದು ಒಂದು ಫೋನು: ಮನೆಯಲ್ಲಾದ ಸಾವಾದರೆ ನೋಂದಣಿ ಆಯಿತೇ ಅಂತ. 21 ದಿನ ದಾಟಿದರೆ ತಡದ ಶುಲ್ಕ, ಓಡಾಟ ಎರಡೂ ಅವರ ತಲೆಗೆ ಬರುತ್ತದೆ.