ಕುದುರೆಯ ಹೊಟ್ಟೆ, ನಮ್ಮ ಮನೆಯ ಗಡಿಯಾರ

ನಾನು ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ಅಕೌಂಟೆಂಟ್. ಮನೆ ಇರುವುದು ನಂಜನಗೂಡು ರಸ್ತೆ ಕಡೆ, ಊರಾಚೆ. ಹಿತ್ತಲಲ್ಲಿ ಎರಡು ಕುದುರೆಗಳಿವೆ. ಚಾಂದನಿ ಟಾಂಗಾ ಎಳೆಯುತ್ತಿದ್ದವಳು. ಕಾಲು ಕೆಟ್ಟ ಮೇಲೆ ಅವಳ ಯಜಮಾನ ತಾತ ನಮಗೆ ಒಪ್ಪಿಸಿ ಹೋದರು. ರಾಜ ಬೀದಿಯಲ್ಲಿ ಕಸ ಮೇಯುತ್ತಿದ್ದವನು. ಅವನನ್ನು ತಂದದ್ದು ಚಾಂದನಿಗೋಸ್ಕರ. ಕುದುರೆ ಗುಂಪಿನಲ್ಲಿ ಬದುಕುವ ಪ್ರಾಣಿ, ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ.

ಆಫೀಸು, ಮಗಳ ಓದು, ಮನೆ, ಇದರ ನಡುವೆ ಟೈಮ್ ಹೇಗೆ ಸಿಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ನಾವು ಟೈಮ್ ಹಂಚಲು ಹೋಗಲೇ ಇಲ್ಲ. ಕುದುರೆಯ ಹೊಟ್ಟೆ ಹೇಗೆ ಕೆಲಸ ಮಾಡುತ್ತದೋ ಅದಕ್ಕೆ ಮನೆಯನ್ನು ಹೊಂದಿಸಿಕೊಂಡೆವು. ಅಷ್ಟು ದೊಡ್ಡ ದೇಹಕ್ಕೆ ಜಠರ ಚಿಕ್ಕದು. ಅದರಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ಮೇವು ಅಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹಾಕಿ ಮಧ್ಯೆ ಖಾಲಿ ಬಿಟ್ಟರೆ ಹುಣ್ಣಾಗುವ ಭಯ ಜಾಸ್ತಿ. ಅದಕ್ಕೇ ಆಫೀಸಿಗೆ ಹೊರಡುವ ಮುಂಚೆ ಸಣ್ಣ ಕಣ್ಣಿನ ಬಲೆಗಳಲ್ಲಿ ಒಣಹುಲ್ಲು ತುಂಬಿ ಮೂರು ಕಡೆ ನೇತುಹಾಕುತ್ತೇನೆ. ಎಳೆ ಎಳೆಯಾಗಿ ಕಿತ್ತು ತಿನ್ನುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ನನ್ನ ಕೆಲಸ ಉಳಿಸಿದ್ದು ಈ ಬಲೆಗಳೇ.

ನಿಜಕ್ಕೂ ಕಷ್ಟವಾದದ್ದು ರಾಜ ಬಂದ ಹೊಸತರಲ್ಲಿ. ಪಕ್ಕೆಲುಬು ಎಣಿಸಬಹುದಿತ್ತು. ನೋಡಲು ಬಂದವರೆಲ್ಲ "ಪಾಪ, ಹುರುಳಿ ಬೇಯಿಸಿ ಹಾಕಮ್ಮ" ಎನ್ನುವವರೇ. ಡಾಕ್ಟರು ಮಾತ್ರ ಕಾಳು ಮುಟ್ಟಿಸಲೇಬೇಡಿ ಅಂದರು. ಬಹಳ ದಿನ ಹಸಿದ ಕುದುರೆಗೆ ಒಮ್ಮೆಲೇ ಕಾಳು ಕೊಟ್ಟರೆ ರಕ್ತದಲ್ಲಿ ರಂಜಕ (ಫಾಸ್ಫರಸ್), ಮೆಗ್ನೀಷಿಯಂ ದಿಢೀರನೆ ಇಳಿದು ಹೃದಯ ನಿಲ್ಲಲೂಬಹುದು. ಒಣಗಿಸಿದ ಲೂಸರ್ನ್ ಎಂಬ ಮೇವಿನ ಸೊಪ್ಪನ್ನು ಸ್ವಲ್ಪ ಸ್ವಲ್ಪವಾಗಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು, ರಾತ್ರಿಯೂ. ರಾತ್ರಿ 11ರ ಪಾಳಿ ಮಗಳದು, ಹೇಗೂ ಓದುತ್ತಾ ಕೂತಿರುತ್ತಿದ್ದಳು. 3 ಗಂಟೆಯದು ನಮ್ಮ ಯಜಮಾನರದು. ಬೆಳಿಗ್ಗೆ ನಾನು. ಹಗಲು ಅತ್ತೆ.

ಅತ್ತೆಗೆ ಮೊದಲು ಕುದುರೆ ಅಂದರೆ ಸಿಡಿಮಿಡಿ. ಅವರಿಗೆ ನಾನು ಹೇಳಿಕೊಟ್ಟದ್ದು ಇಷ್ಟೇ: ಲದ್ದಿ ಹಾಕಿದೆಯಾ, ತಿನ್ನುತ್ತಿದೆಯಾ, ಮುಂಗಾಲಿನಲ್ಲಿ ನೆಲ ಕೆರೆಯುತ್ತಾ ಹೊಟ್ಟೆ ಕಡೆ ತಿರುಗಿ ನೋಡುತ್ತಿದೆಯಾ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆನೋವು ಶುರುವಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಒಂದು ಮಾರ್ಚಿನಲ್ಲಿ, ಆಫೀಸಿನಲ್ಲಿ ತಲೆ ಎತ್ತಲೂ ಪುರುಸೊತ್ತಿಲ್ಲದಾಗ, ಅತ್ತೆಯ ಫೋನ್. "ಚಾಂದನಿ ಬೆಳಗ್ಗಿಂದ ಲದ್ದಿನೇ ಹಾಕಿಲ್ಲ ಕಣಮ್ಮ, ಡಾಕ್ಟ್ರು ಹೊರಟಿದ್ದಾರೆ, ನೀನು ನಿಧಾನವಾಗಿ ಬಾ." ಮೊದಲು ಡಾಕ್ಟರಿಗೆ ಮಾಡಿ ಆಮೇಲೆ ನನಗೆ ಮಾಡಿದ್ದರು! ಆಸ್ಪತ್ರೆಗೆ ಸಾಗಿಸುವ ಪ್ರಮೇಯ ಬರಲಿಲ್ಲ.

ಉಳಿದದ್ದು ಕ್ಯಾಲೆಂಡರಿನ ಲೆಕ್ಕ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಲಾಳದವರನ್ನು ನಾನು ತಿಂಗಳ ಕೊನೆಯಲ್ಲೇ ಕರೆಯುತ್ತೇನೆ. 11ಕ್ಕೆ, 20ಕ್ಕೆ ಜಿಎಸ್‌ಟಿ ರಿಟರ್ನ್ಸ್ ಇರುತ್ತವಲ್ಲ. ಟಿಟನಸ್ ಲಸಿಕೆ ವರ್ಷಕ್ಕೊಮ್ಮೆ. ಲದ್ದಿ ಒಂದು ಕುದುರೆಗೆ ದಿನಕ್ಕೆ 15ರಿಂದ 20 ಕಿಲೋ. ಗುಡ್ಡೆ ಬಿಟ್ಟರೆ ನೊಣ ಮುತ್ತುತ್ತದೆ, ಅದಕ್ಕೇ ಪಕ್ಕದ ಬಾಳೆ ತೋಟದವರಿಗೆ ಕೊಡುತ್ತೇವೆ, ಗೊಬ್ಬರಕ್ಕೆ ಅಂತ ಖುಷಿಯಿಂದ ಒಯ್ಯುತ್ತಾರೆ. ಕುದುರೆ ಇದ್ದರೆ ಮನಸ್ಸಿಗೆ ಶಾಂತಿ ಅಲ್ವಾ ಅನ್ನುವವರಿಗೆ ಒಂದು ಮಾತು: ಶಾಂತಿ ಭಾನುವಾರ ಮಾತ್ರ, ಮಿಕ್ಕ ದಿನ ಸಲಿಕೆ.

ಮದುವೆ, ಟೂರು ಅಂತ ನಾಲ್ವರೂ ಒಟ್ಟಿಗೆ ಹೋಗುವುದಿಲ್ಲ. ಇದು ಮಗಳಿಗೆ ಬೇಜಾರು, ಇಲ್ಲ ಅನ್ನಲಾರೆ. ಆಗಾಗ ಮೂರನೆಯ ಕುದುರೆ ಇಟ್ಟುಕೊಳ್ಳಿ ಅಂತ ಫೋನ್ ಬರುತ್ತದೆ. ಆಗಲ್ಲ ಅನ್ನುತ್ತೇನೆ. ಬೇಕಾದರೆ ಒಂದಷ್ಟು ದಿನದ ಹುಲ್ಲಿನ ದುಡ್ಡು ಕೊಡುತ್ತೇನೆ, ಲಾಳದವರ ನಂಬರ್ ಕೊಡುತ್ತೇನೆ. ತಾವೇ ಸಾಕುತ್ತೇವೆ ಅಂದರೆ ಹಗಲು 11 ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ ಅಂತ ಕೇಳುತ್ತೇನೆ. ಯಾರೂ ಇರಲ್ಲ ಅಂದರೆ, ಜನ ಇರುವ ಲಾಯದಲ್ಲಿ ತಿಂಗಳ ದುಡ್ಡು ಕಟ್ಟಿ ಬಿಟ್ಟು, ರಜೆ ದಿನ ಹೋಗಿ ಮೈ ಉಜ್ಜಿ ಬನ್ನಿ ಅನ್ನುತ್ತೇನೆ.