ಕವಳದ ಹೊಗೆಸೊಪ್ಪು ಬಿಡಿಸುವಾಗ

ಶಿರಸಿ, ಸಿದ್ದಾಪುರದ ಕಡೆ "ತಂಬಾಕು ತಿಂತೀರಾ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ಇಲ್ಲ". "ದಿನಕ್ಕೆ ಎಷ್ಟು ಕವಳ?" ಎಂದು ಕೇಳಿ ನೋಡಿ, ಹದಿನೈದು ಇಪ್ಪತ್ತರ ಲೆಕ್ಕ ಹೊರಬರುತ್ತದೆ. ಕವಳ, ಅಂದರೆ ವೀಳ್ಯದೆಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು (ತಂಬಾಕು) ಸೇರಿಸಿ ಜಗಿಯುವುದು, ಇಲ್ಲಿ ಚಟವಲ್ಲ, ಮರ್ಯಾದೆ. ಮನೆಗೆ ಬಂದವರಿಗೆ ಆಸರಿಗೆ (ಕುಡಿಯಲು) ಕೊಟ್ಟ ಮೇಲೆ ಕವಳದ ಹರಿವಾಣ ಮುಂದೆ ಬರಲೇಬೇಕು. ಆದ್ದರಿಂದ ತಂಬಾಕು ಎಂಬ ಮಾತನ್ನೇ ಎತ್ತದೆ ನಾಲ್ಕು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಕವಳ? ಹೊಗೆಸೊಪ್ಪಿನ ಎಸಳು ಎಷ್ಟು? ರಸ ಉಗುಳುವುದೋ ನುಂಗುವುದೋ? ರಾತ್ರಿ ದವಡೆಯಲ್ಲಿಟ್ಟುಕೊಂಡೇ ಮಲಗುವುದುಂಟೋ? ಎದ್ದ ಅರ್ಧ ಗಂಟೆಯೊಳಗೆ ಹೊಗೆಸೊಪ್ಪು ಬೇಕೇಬೇಕು ಎನ್ನುವವರಿಗೆ ಬರೀ ಬುದ್ಧಿಮಾತು ಸಾಲುವುದಿಲ್ಲ, ಔಷಧ ಬೇಕು.

ಆಮೇಲೆ ಬಾಯಿ ನೋಡುವುದು. ಮೊದಲು ಎರಡು ಸಲ ಬಾಯಿ ಮುಕ್ಕಳಿಸಲೇಬೇಕು, ಇಲ್ಲದಿದ್ದರೆ ಕೆಂಪು ಬಣ್ಣದ ಅಡಿ ಏನೂ ಕಾಣುವುದಿಲ್ಲ. ಕವಳ ಯಾವ ಕಡೆ ಇಟ್ಟುಕೊಳ್ಳುತ್ತಾರೆ ಎಂದು ಕೇಳಿ, ಅದೇ ಕೆನ್ನೆಯನ್ನು ಮರದ ಕಡ್ಡಿಯಿಂದ ಸರಿಸಿ, ಕೆಳವಸಡಿಗೂ ಕೆನ್ನೆಗೂ ನಡುವಿನ ಸಂದಿಗೆ ಟಾರ್ಚ್ ಬಿಡಬೇಕು. ಬಟ್ಟೆಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಎಚ್ಚರ. ಮಕಮಲ್ಲಿನಂಥ ಕೆಂಪು ಮಚ್ಚೆ ಅದಕ್ಕಿಂತ ಅಪಾಯದ್ದು. ನೋವಿರುವುದಿಲ್ಲವಾದ್ದರಿಂದ ಯಾರೂ ಕೇರ್ ಮಾಡುವುದಿಲ್ಲ. ಎರಡು ವಾರವಾದರೂ ಮಾಯದ ಹುಣ್ಣಿಗೆ ಮುಲಾಮು ಹಚ್ಚುತ್ತ ಕೂರಬಾರದು, ಬಯಾಪ್ಸಿಗೆ (ಚೂರು ತೆಗೆದು ಮಾಡುವ ಪರೀಕ್ಷೆಗೆ) ಕಳಿಸಬೇಕು.

ಇನ್ನೊಂದು ತೊಂದರೆ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಕೆನ್ನೆಯ ಒಳಭಾಗ ಅಮೃತಶಿಲೆಯ ಹಾಗೆ ಬಿಳಚಿಕೊಂಡು, ಒಳಗೆ ತೋರುಬೆರಳು ಆಡಿಸಿದರೆ ಬಿಗಿದ ಹಗ್ಗದಂಥ ಪಟ್ಟಿ ತಾಗುತ್ತದೆ. ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಮೊದಲ ಸೂಚನೆ ಊಟದಲ್ಲಿ: ಸೂಜಿಮೆಣಸು ಹಾಕಿದ ಅಪ್ಪೆಹುಳಿಯನ್ನು ಜೀವನವಿಡೀ ಸುರಿದು ಕುಡಿದವರು "ಈಗೀಗ ಬಾಯಿ ಉರೀತದೆ" ಎನ್ನಲು ಶುರುಮಾಡುತ್ತಾರೆ. ಅವರ ಕೈಯ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಸ್ಕೇಲಿನಲ್ಲಿ ಮೇಲಿನ ಮತ್ತು ಕೆಳಗಿನ ಮುಂಬಲ್ಲಿನ ತುದಿಗಳ ಅಂತರ ಅಳೆದು ಬರೆದಿಡಿ. 35 ಮಿಲಿಮೀಟರಿಗಿಂತ ಕಡಿಮೆಯಾದರೆ ದಂತವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.

ಈ ಬಿಗಿತ ತರುವುದು ಅಡಿಕೆ, ಹೊಗೆಸೊಪ್ಪಲ್ಲ. ಅಡಿಕೆಯ ಅರೆಕೋಲಿನ್ ಎಂಬ ರಾಸಾಯನಿಕ ಮತ್ತು ಅದರಲ್ಲಿರುವ ತಾಮ್ರದ ಅಂಶ ಸೇರಿ ಕೆನ್ನೆಯಲ್ಲಿ ನಾರು ಬೆಳೆಸುತ್ತವೆ. ತಂಬಾಕಿಲ್ಲದ ಕವಳವೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆಯ ಮೇಲೆ ಬದುಕುವ ಸೀಮೆಯಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ, ಗೊತ್ತು. ತೋಟ ಕಡಿಯಿರಿ ಎಂದು ಯಾರೂ ಹೇಳುತ್ತಿಲ್ಲ; ಬಾಯಿಗೆ ಹಾಕಬೇಡಿ ಎಂದಷ್ಟೇ. "ಹೊಗೆಸೊಪ್ಪು ಬಿಟ್ಟೆ, ಬರೀ ಅಡಿಕೆ" ಎನ್ನುವವರು ತಂಬಾಕಿನ ಜೊತೆ ಹೋದ, ಚಟ ಹಿಡಿಸುವ ನಿಕೋಟಿನ್‌ಗೆ ಬದಲಾಗಿ ಅಡಿಕೆಯನ್ನು ದುಪ್ಪಟ್ಟು ಮಾಡಿರುತ್ತಾರೆ. ಪ್ಯಾಕೆಟ್ಟಿನ ಪಾನ್ ಮಸಾಲಾ ಇನ್ನೂ ಕೆಟ್ಟದ್ದು. ಎಲೆಯೇ ಇಲ್ಲದ ಒಣ ಅಡಿಕೆ ಪುಡಿಯಾದ್ದರಿಂದ ಬಾಯಿ ಬೇಗ ಬಿಗಿಯುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲಾ ಬೇರೆ, ತಂಬಾಕು ಬೇರೆ ಪ್ಯಾಕೆಟ್ಟಿನಲ್ಲಿ ಬಂದು ಅಂಗೈಯಲ್ಲಿ ಒಂದಾಗುತ್ತಿವೆ.

ಸುಣ್ಣದ ಕೆಲಸ ತಿಳಿದರೆ ಔಷಧದ ಕೆಲಸವೂ ತಿಳಿಯುತ್ತದೆ. ಕವಳದ ಸುಣ್ಣ ಕ್ಷಾರ. ಕ್ಷಾರದಲ್ಲಿ ನಿಕೋಟಿನ್ ಕೆನ್ನೆಯ ತೆಳುಪದರ ದಾಟಿ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ, ಹುಳಿಯಲ್ಲಿ ಇಳಿಯುವುದಿಲ್ಲ. ತಂಬಾಕು ಬಿಡಿಸಲು ಔಷಧವಾಗಿ ಕೊಡುವ, ಅಗಿಯುವ ನಿಕೋಟಿನ್ ಗಮ್‌ನಲ್ಲೂ ಇದಕ್ಕಾಗಿಯೇ ಸೋಡಾದಂಥ ಕ್ಷಾರ ಹಾಕಿರುತ್ತಾರೆ. ಹಾಗಾಗಿ ಮಜ್ಜಿಗೆ, ಮುರುಗಲ ಪಾನಕ, ಕಾಫಿ ಕುಡಿದ ಕಾಲು ಗಂಟೆಯೊಳಗೆ ಗಮ್ ಹಾಕಿದರೆ ದುಡ್ಡು ದಂಡ. "ಗಮ್ ನಂಗೆ ಹಿಡಿಯೂದಿಲ್ಲ" ಎಂದು ವಾಪಸ್ ಬಂದವರನ್ನು ಮೊದಲು ಕೇಳಬೇಕಾದ್ದು ಇದನ್ನೇ.

2 ಮಿಲಿಗ್ರಾಂ ಗಮ್ ಅಂಗಡಿಯಲ್ಲಿ ನೇರ ಸಿಗುತ್ತದೆ, 4ರದ್ದಕ್ಕೆ ವೈದ್ಯರ ಚೀಟಿ ಬೇಕು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಎರಡನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಹತ್ತು ಹದಿನೈದು ಸಲ ನಿಧಾನ ಅಗಿದು, ಕಾಳುಮೆಣಸಿನ ಚುರುಕು ಬಂದ ಕೂಡಲೇ ಕೆನ್ನೆಯ ಸಂದಿಯಲ್ಲಿ ಇಡಬೇಕು. ಚುರುಕು ಹೋದಾಗ ಮತ್ತೆ ಅಗಿಯುವುದು, ಜಾಗ ಬದಲಿಸಿ ಇಡುವುದು. ಅರ್ಧ ಗಂಟೆಗೆ ಒಂದು ಮುಗಿಯುತ್ತದೆ. ದವಡೆಯಲ್ಲಿ ಇಡುವ ವಿದ್ಯೆ ಕವಳದವರಿಗೆ ಹೇಳಿಕೊಡಬೇಕಾಗಿಲ್ಲ, ಬೀಡಿ ಸೇದುವವರಿಗಿಂತ ಬೇಗ ಕಲಿಯುತ್ತಾರೆ. ಆದರೆ ಅಡಿಕೆ ಜಗಿದ ಹಾಗೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ದಾಟಬಾರದು.

ಬಾಯಿ ಬಿಗಿದವರಿಗೆ ಗಮ್ ಕಷ್ಟ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮೇಲು. ಕುಮಟಾ, ಕಾರವಾರದ ಸೆಕೆಗೆ ಅದು ಮಧ್ಯಾಹ್ನದೊಳಗೆ ಕಿತ್ತು ಬರುತ್ತದೆ ಎಂಬ ದೂರು ಮಾಮೂಲು. ಕೊಬ್ಬರಿ ಎಣ್ಣೆ ತಾಗದ, ಕೂದಲಿಲ್ಲದ ಮೇಲ್ತೋಳಿಗೆ, ಸ್ನಾನವಾಗಿ ಮೈ ಪೂರ್ತಿ ಆರಿದ ಮೇಲೆ ಹಚ್ಚಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಿದರೆ ನಿಲ್ಲುತ್ತದೆ. ನಾಳೆ ಬೇರೆ ಜಾಗ. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವಾಗ ತೆಗೆಯಿರಿ.

ಬಿಡುವ ದಿನವನ್ನು ಕೊನೆಕೊಯ್ಲಿನಲ್ಲಿ (ಅಡಿಕೆ ಕೊಯ್ಲಿನ ಹೊತ್ತಿನಲ್ಲಿ) ಇಡಬೇಡಿ. ರಾತ್ರಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಸುತ್ತ ಎಲ್ಲರ ಬಾಯಲ್ಲೂ ಕವಳ, ಕೈಯಲ್ಲೂ ಅಡಿಕೆ. ಯಕ್ಷಗಾನದ ಆಟ ನೋಡಲು ಹೋಗುವ ರಾತ್ರಿಗಳದೂ ಇದೇ ಕಥೆ. ಮಳೆಗಾಲದ ನಡುವಿನ ಬಿಡುವು ಒಳ್ಳೆಯದು. ಎರಡನೇ, ಮೂರನೇ ದಿನ ಸಿಟ್ಟು, ತಲೆನೋವು, ನಿದ್ದೆಗೇಡು ಹೆಚ್ಚು; ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಒಂದೊಂದು ಚಪಲವೂ ಕೆಲವೇ ನಿಮಿಷದ್ದು, ಆ ಹೊತ್ತಿಗೆ ಲವಂಗವೋ ಏಲಕ್ಕಿಯೋ ಸಾಕು. ನೆಂಟರ ಮನೆಯಲ್ಲಿ ಹರಿವಾಣ ಬಂದಾಗ "ಡಾಕ್ಟ್ರು ಬ್ಯಾಡ ಅಂದಿದ್ರು, ಲವಂಗ ಇದ್ರೆ ಕೊಡಿ" ಎಂದರೆ ಕೊಟ್ಟವರ ಮರ್ಯಾದೆಯೂ ಉಳಿಯುತ್ತದೆ.

ಸಾರಾಯಿಯೂ ಇರುವವರಲ್ಲಿ ಬಾಯಿ ಮತ್ತು ಗಂಟಲ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚುತ್ತದೆ. ಆದರೆ ಬೆಳಿಗ್ಗೆ ಕುಡಿಯದೆ ಕೈ ನಡುಗುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಅದು ದೇವರು ಮೈಮೇಲೆ ಬಂದದ್ದಲ್ಲ, ಪ್ರಾಣಕ್ಕೇ ಅಪಾಯ. ನಿಲ್ಲಿಸುವುದನ್ನು ಆಸ್ಪತ್ರೆಯಲ್ಲಿ ಮಾಡಬೇಕು.

ಬಿಗಿದ ಬಾಯಿ ಕವಳ ಬಿಟ್ಟರೂ ಪೂರ್ತಿ ಮೊದಲಿನಂತಾಗುವುದಿಲ್ಲ, ಆದರೆ ಇನ್ನಷ್ಟು ಬಿಗಿಯುವುದನ್ನು ತಡೆಯಬಹುದು. ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ಹಿಡಿಯುವಷ್ಟು ಇಟ್ಟು, ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಸಲೀಸಾದಾಗ ಒಂದು ಕಡ್ಡಿ ಸೇರಿಸಿ. ರಕ್ತ ಬರುವಷ್ಟು ಒತ್ತಬೇಡಿ. ತಿಂಗಳಿಗೊಮ್ಮೆ ಅದೇ ಸ್ಕೇಲಿನಲ್ಲಿ ಅಳೆದು ಹಳೆಯ ಅಂಕಿಯ ಪಕ್ಕ ಬರೆಯಿರಿ, ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ. ನಡುವೆ ಕೈ ಮತ್ತೆ ಹರಿವಾಣಕ್ಕೆ ಹೋಗುತ್ತಿದ್ದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಪುಕ್ಕಟೆ ಕರೆ ಮಾಡಬಹುದು.