ಕೇಕ್ ಆಕಾರದ ಗಿಫ್ಟ್ ಬಾಕ್ಸ್: ಮುಚ್ಚಳದ ಗೆರೆ ಕಾಣದಂತೆ ಮಾಡುವ ಬಗೆ

ನಕಲಿ ಕೇಕ್ ಬಾಕ್ಸ್ ನೋಡುವವರ ಕಣ್ಣು ಮೊದಲು ಹೋಗುವುದು ಮುಚ್ಚಳದ ಗೆರೆಗೆ. ಕ್ರೀಮ್ ಎಷ್ಟೇ ಚೆನ್ನಾಗಿ ಬಂದಿರಲಿ, ನಡುವೆ ಸುತ್ತಲೂ ಒಂದು ಸೀಳು ಕಂಡಿತೆಂದರೆ ಅದು ಡಬ್ಬಿ, ಕೇಕ್ ಅಲ್ಲ. ಹಾಗಾಗಿ ಅಂಗಡಿಯ ದುಂಡು ಡಬ್ಬಿ ತಂದು ಅದಕ್ಕೆ ಅಲಂಕಾರ ಮಾಡುವ ದಾರಿಯನ್ನು ನಾನು ಹಿಡಿಯುವುದಿಲ್ಲ. ಇಡೀ ಕೇಕನ್ನೇ ಮುಚ್ಚಳ ಮಾಡುತ್ತೇನೆ. ಕೆಳಗೆ ರಟ್ಟಿನ ತಟ್ಟೆ, ಅದರ ಮೇಲೆ ಗಿಡ್ಡದೊಂದು ರಿಂಗ್, ರಿಂಗಿನೊಳಗೆ ಉಡುಗೊರೆ. ಮೇಲಿನಿಂದ ಕೇಕ್ ಬಂದು ಕವುಚಿಕೊಳ್ಳುತ್ತದೆ. ಗೆರೆ ಉಳಿಯುವುದು ಕೇಕ್ ತಟ್ಟೆಗೆ ತಾಗುವಲ್ಲಿ ಮಾತ್ರ. ನಿಜವಾದ ಕೇಕಿಗೂ ಅಲ್ಲೊಂದು ಗೆರೆ ಇದ್ದೇ ಇರುತ್ತದೆ. ಉಪಾಯ ಹಳೆಯದೇ: ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟನ್ ಸರ್ಕಾರ ಕೇಕಿನ ಮೇಲೆ ಸಕ್ಕರೆ ಐಸಿಂಗ್ ಹಾಕುವುದನ್ನು ನಿಷೇಧಿಸಿದಾಗ, ಅಲ್ಲಿನ ಮದುವೆಗಳಲ್ಲಿ ರಟ್ಟು ಮತ್ತು ಪ್ಲಾಸ್ಟರಿನ ದೊಡ್ಡ ಕವಚವನ್ನು ಬಾಡಿಗೆಗೆ ತಂದು ಅದರಡಿ ಸಣ್ಣ ಕೇಕ್ ಇಡುತ್ತಿದ್ದರು.

18 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರದ ಕೇಕಿನ ಲೆಕ್ಕ ಕೊಡುತ್ತೇನೆ. ಪುಸ್ತಕಕ್ಕೆ ಬೈಂಡಿಂಗ್ ಮಾಡುವ 2 ಮಿ.ಮೀ. ದಪ್ಪದ ಬೂದು ರಟ್ಟು ಬೇಕು. ಮೇಲ್ಭಾಗಕ್ಕೆ 18 ಸೆಂ.ಮೀ. ಅಗಲದ ಒಂದು ಬಿಲ್ಲೆ, ತಳಕ್ಕೆ 24 ಸೆಂ.ಮೀ. ಅಗಲದ ಎರಡು ಬಿಲ್ಲೆ. ತಳದ ಎರಡನ್ನೂ ಒಂದರ ಮೇಲೊಂದು ಅಂಟಿಸಿ, ಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಡಿ. ಕೇಕಿನ ಸುತ್ತಲಿನ ಗೋಡೆಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಐವರಿ ಶೀಟ್, ಅಂದರೆ ನುಣುಪಾದ ದಪ್ಪ ಹಾಳೆ. ಇದು 22×28 ಇಂಚಿನ ಹಾಳೆಯಲ್ಲಿ ಸಿಗುತ್ತದೆ, ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಯ ಪೇಪರ್ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ.

18 ಸೆಂ.ಮೀ. ಬಿಲ್ಲೆಯ ಸುತ್ತಳತೆ 56.5 ಸೆಂ.ಮೀ. ಮೊದಲ ಪಟ್ಟಿ 58.5 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ. ಅದರಲ್ಲಿ 2 ಸೆಂ.ಮೀ. ಜೋಡಣೆಗೆ, ಮೇಲಂಚಿನ 1 ಸೆಂ.ಮೀ. ಹಲ್ಲುಗಳಿಗೆ. ಸೆಂಟಿಮೀಟರಿಗೊಂದರಂತೆ ಹಲ್ಲು ಕತ್ತರಿಸಿ, ಬಿಲ್ಲೆಯ ಮೇಲೆ ಮಡಚಿ ಅಂಟಿಸಬೇಕು. ಅದರ ಮೇಲೆ 9 ಸೆಂ.ಮೀ. ಅಗಲದ ಎರಡನೇ ಪಟ್ಟಿ ಸುತ್ತಿ. ಎರಡೂ ಜೋಡಣೆಗಳು ಒಂದೇ ಕಡೆ ಬಂದರೆ ಅಲ್ಲಿ ಉಬ್ಬು ಏಳುತ್ತದೆ, ಎದುರುಬದುರು ಬರಲಿ.

ಹಾಳೆ ಕತ್ತರಿಸುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಕಾಗದದ ನಾರು ಒಂದೇ ದಿಕ್ಕಿಗೆ ಹರಿದಿರುವುದರಿಂದ ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಬಿಗಿಯುತ್ತದೆ. ಪಟ್ಟಿ ಸಲೀಸಾಗಿ ಸುರುಳಿಯಾಗುವ ದಿಕ್ಕಿನಲ್ಲೇ ಕತ್ತರಿಸಬೇಕು. ತಪ್ಪಿದರೆ ದುಂಡಗಿನ ಗೋಡೆಯಲ್ಲಿ ಸಣ್ಣ ಸಣ್ಣ ಮಡಿಕೆಗಳು ಬೀಳುತ್ತವೆ, ಆಮೇಲೆ ಕ್ರೀಮಿನಂತೆ ಕಾಣಲೆಂದು ವಾಲ್ ಪುಟ್ಟಿ ಬಳಿದರೂ ಅವು ಮುಚ್ಚುವುದಿಲ್ಲ. ಸರಿಯಾದ ದಿಕ್ಕಿನಲ್ಲಿ ಅಷ್ಟು ಉದ್ದ ಸಿಗದಿದ್ದರೆ ಎರಡು ತುಂಡು ಜೋಡಿಸಿ, ತೊಂದರೆಯಿಲ್ಲ.

ತಟ್ಟೆಯ ಮೇಲಿನ ರಿಂಗ್ 4 ಸೆಂ.ಮೀ. ಎತ್ತರ, ಒಳ ಅಗಲ 17.4 ಸೆಂ.ಮೀ. ಅಂದರೆ 54.7 ಸೆಂ.ಮೀ. ಪಟ್ಟಿ, ಜೋಡಣೆಗೆ ಮತ್ತೆರಡು; ಇದಕ್ಕೂ ಎರಡು ಪದರ. ಮುಚ್ಚಳಕ್ಕೂ ರಿಂಗಿಗೂ ಸುತ್ತಲೂ ಸುಮಾರು 2 ಮಿ.ಮೀ. ಸಡಿಲ ಉಳಿಯುತ್ತದೆ. ಬಿಗಿಯಾಗಿದ್ದರೆ ಚೆಂದ ಅನಿಸುತ್ತದೆ, ಆದರೆ ಪುಟ್ಟಿ ಒಣಗುವಾಗ ಕುಗ್ಗಿ ಗೋಡೆಯನ್ನು ಎಳೆಯುತ್ತದೆ, ಮಳೆಗಾಲದಲ್ಲಿ ರಟ್ಟು ಉಬ್ಬುತ್ತದೆ. ಆಗ ಕೇಕ್ ಸಿಕ್ಕಿಹಾಕಿಕೊಳ್ಳುತ್ತದೆ, ಎಳೆಯುವಾಗ ಅಂಚಿನ ಕ್ರೀಮ್ ಉದುರುತ್ತದೆ.

ಅಂಟು ಫೆವಿಕಾಲೇ ಸಾಕು. ಹಾಟ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ಅದು ಬಿಟ್ಟ ಗಂಟು ಗೋಡೆಯಲ್ಲಿ ಕಾಣುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಮೈದಾ ಅಂಟು ಬೇಡವೇ ಬೇಡ, ಜಿರಳೆಗೆ ಊಟ ಹಾಕಿದಂತೆ.

ಪುಟ್ಟಿಗೆ ಮೊದಲು ಎರಡು ಕೆಲಸ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಹೊರಮೈಗೆಲ್ಲ ಒಂದು ಕೈ ಬಳಿಯಿರಿ. ಇಲ್ಲದಿದ್ದರೆ ರಟ್ಟು ಪುಟ್ಟಿಯ ನೀರನ್ನು ಹೀರಿ ಪದರ ಬಿಡುತ್ತದೆ. ಎರಡನೆಯದು, ಮೇಲಿನ ಬಿಲ್ಲೆಯ ಒಳಮೈಗೆ ಒಂದು ಹಾಳೆಯನ್ನು ಇದೇ ಅಂಟಿನಲ್ಲಿ ಪೂರ್ತಿ ಅಂಟಿಸಬೇಕು. ಒಂದೇ ಮೈಗೆ ಪುಟ್ಟಿ ಬಳಿದರೆ ಅದು ಒಣಗುತ್ತಾ ಬಿಲ್ಲೆಯ ಅಂಚನ್ನು ಮೇಲಕ್ಕೆತ್ತುತ್ತದೆ, ಕೇಕ್ ನಡುವೆ ತಗ್ಗಾಗುತ್ತದೆ. ಒಳಗಿನ ಹಾಳೆಯೂ ಒಣಗಿ ಎಳೆಯುವುದರಿಂದ ಎರಡೂ ಕಡೆಯ ಎಳೆತ ಸರಿಹೋಗುತ್ತದೆ. ಬೈಂಡಿಂಗ್ ಮಾಡುವವರು ರಟ್ಟಿನ ಒಳಮೈಗೂ ಹಾಳೆ ಅಂಟಿಸಿದಾಗ ಇದೇ ಕೆಲಸ ಆಗುತ್ತದೆ.

ಈಗ ಕ್ರೀಮ್. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಕಲಸಿದ ಅಕ್ರಿಲಿಕ್ ವಾಲ್ ಪುಟ್ಟಿ ಕೇಳಿ ತನ್ನಿ. ಚೀಲದಲ್ಲಿ ಬರುವ ಬಿಳಿ ಪುಡಿ ಸಿಮೆಂಟಿನದು; ಅದು ರಟ್ಟಿನ ಮೇಲೆ ಸೀಳುತ್ತದೆ, ಚರ್ಮವನ್ನೂ ಸುಡುತ್ತದೆ. ಸಿಲಿಕೋನ್ ಸೀಲೆಂಟ್ ಮೇಲೆ ಬಣ್ಣವೇ ನಿಲ್ಲುವುದಿಲ್ಲ. 300 ಗ್ರಾಂ ಅಕ್ರಿಲಿಕ್ ಪುಟ್ಟಿಗೆ 2 ದೊಡ್ಡ ಚಮಚ ಫೆವಿಕಾಲ್, 1 ಸಣ್ಣ ಚಮಚ ಅಕ್ರಿಲಿಕ್ ಬಣ್ಣ. ಫೆವಿಕಾಲ್ ಕಡಿಮೆಯಾದರೆ ಒಣಗಿದ ಮೇಲೆ ಪುಡಿ ಉದುರುತ್ತದೆ, ಹೆಚ್ಚಾದರೆ ಗೋಡೆಯಿಂದ ಜಾರುತ್ತದೆ. ಅಚ್ಚ ಬಿಳಿ ಬೇಕೆಂದರೂ ಒಂದೆರಡು ತೊಟ್ಟು ಕಾವಿಹಳದಿ ಸೇರಿಸಿ, ಇಲ್ಲವಾದರೆ ಕ್ರೀಮ್ ಅನ್ನಿಸದು, ಸುಣ್ಣದ ಗೋಡೆ ಅನ್ನಿಸುತ್ತದೆ. ಒಣಗಿದಾಗ ಬಣ್ಣ ಬದಲಾಗುವುದರಿಂದ ರಟ್ಟಿನ ಚೂರಿನ ಮೇಲೆ ಬಳಿದು, ಒಣಗಿಸಿ ನೋಡಿಯೇ ಮುಂದುವರಿಯಿರಿ.

ಕೇಕನ್ನು ರಿಂಗಿನ ಮೇಲೆಯೇ ಕೂರಿಸಿ, ಕೇಕಿಗೂ ತಟ್ಟೆಗೂ ನಡುವೆ ಬಟರ್ ಪೇಪರ್ ಹಾಸಿ ಬಳಿಯಬೇಕು. ರಿಂಗ್ ಒಳಗಿದ್ದರೆ ಗೋಡೆ ದುಂಡಗೇ ಒಣಗುತ್ತದೆ. ಒಂದು ಮಿಲಿಮೀಟರ್ ದಪ್ಪಕ್ಕೆ ಮೊದಲ ಕೈ, ನಾಲ್ಕೈದು ಗಂಟೆ ಬಿಟ್ಟು ಅಷ್ಟೇ ದಪ್ಪಕ್ಕೆ ಎರಡನೆಯದು. ಒಂದೇ ಸಲಕ್ಕೆ ದಪ್ಪವಾಗಿ ಮೆತ್ತಿದರೆ ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗಿ ಬಿರುಕು ಬಿಡುತ್ತದೆ. ಬಿಸಿಲಿಗಿಟ್ಟರೂ ಇದೇ ಗತಿ, ನೆರಳಿನಲ್ಲೇ ಒಣಗಲಿ. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿಗೆ ಹಲ್ಲು ಕತ್ತರಿಸಿಕೊಂಡರೆ ಬೇಕರಿಯವರು ಎಳೆಯುವ ಗೆರೆಗಳು ಬರುತ್ತವೆ. ಕೇಕನ್ನು ತಿರುಗುವ ಸ್ಟ್ಯಾಂಡಿನ ಮೇಲಿಟ್ಟು, ಕಾರ್ಡನ್ನು ಒಂದೇ ಜಾಗದಲ್ಲಿ ಹಿಡಿದು ಸ್ಟ್ಯಾಂಡನ್ನು ತಿರುಗಿಸಿ, ಕೈ ಓಡಿಸಬೇಡಿ.

ಹೂವಿನ ಕ್ರೀಮಿಗೆ ಮಿಶ್ರಣ ಗಟ್ಟಿ ಇರಬೇಕು: 200 ಗ್ರಾಂ ಪುಟ್ಟಿ, 1 ದೊಡ್ಡ ಚಮಚ ಫೆವಿಕಾಲ್, 2ರಿಂದ 3 ದೊಡ್ಡ ಚಮಚ ಸೀಮೆಸುಣ್ಣದ ಪುಡಿ. ಚಮಚ ಎತ್ತಿದಾಗ ಎದ್ದ ತುದಿ ಒಂದು ನಿಮಿಷವಾದರೂ ಬಾಗದೆ ನಿಲ್ಲಬೇಕು. ಗಟ್ಟಿಯಾಗಲೆಂದು ಕಾರ್ನ್‌ಫ್ಲೋರ್ ಸೇರಿಸುವವರಿದ್ದಾರೆ, ಆದರೆ ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲಕ್ಕೆ ಬೂಸ್ಟು ಬರುತ್ತದೆ. ಹಿಂಡಲು 8ರಿಂದ 10 ಮಿ.ಮೀ. ಬಾಯಿಯ ಸ್ಟಾರ್ ನಾಝಲ್ (ಕೇಕಿಗೆ ಕ್ರೀಮ್ ಹಿಂಡುವ, ನಕ್ಷತ್ರದಾಕಾರದ ಬಾಯಿಯ ಮೂತಿ) ಸಾಕು. ಪುಟ್ಟಿಗೆ ಬಳಸಿದ ನಾಝಲ್ ಮತ್ತೆ ಅಡುಗೆಮನೆಗೆ ಹೋಗಬಾರದು. ಹೂವು 2 ಸೆಂ.ಮೀ. ದಾಟಿದರೆ ಒಳಗೆ ಹಸಿಯಾಗಿ ಉಳಿದು ಸೀಳುತ್ತದೆ. ಎತ್ತರ ಬೇಕಿದ್ದರೆ ಒಂದು ಸಣ್ಣ ಥರ್ಮಕೋಲ್ ಉಂಡೆ ಅಂಟಿಸಿ ಅದರ ಸುತ್ತ ಹಿಂಡಿ.

ಕೆಳಗಿನ ಬಾರ್ಡರ್ ಬಗ್ಗೆ ಎಚ್ಚರ ಬೇಕು. ಗೆರೆ ಮುಚ್ಚುವುದು ಇದೇ, ಆದರೆ ಇದು ಮುಚ್ಚಳಕ್ಕೆ ಮಾತ್ರ ಅಂಟಬೇಕು, ತಟ್ಟೆಗಲ್ಲ. ಬಟರ್ ಪೇಪರ್ ಇನ್ನೂ ಕೆಳಗಿರುವಾಗಲೇ ನಾಝಲನ್ನು ಗೋಡೆಯ ಬುಡಕ್ಕೆ 45 ಡಿಗ್ರಿ ಓರೆ ಹಿಡಿದು, ಪ್ರತಿ ಹೂವನ್ನೂ ಮೊದಲು ಗೋಡೆಗೆ ಒತ್ತಿ ನಂತರ ಕೆಳಕ್ಕೆ ಎಳೆಯಿರಿ. ಮೂರು ದಿನ ಬಿಡಿ, ಮಳೆಗಾಲದಲ್ಲಿ ಐದು. ಆಮೇಲೆ ಕೇಕ್ ಎತ್ತಿ ಪೇಪರನ್ನು ಒಳಗಿನಿಂದ ಹೊರಕ್ಕೆ ಸುಲಿದರೆ ಬಾರ್ಡರಿನ ತಳ ಸಮತಟ್ಟಾಗಿ ಬಂದಿರುತ್ತದೆ, ತಟ್ಟೆಯ ಮೇಲೆ ಇಟ್ಟಾಗ ಎಲ್ಲೂ ಸಂದು ಕಾಣುವುದಿಲ್ಲ.

ಇಳಿಬಿದ್ದ ಚಾಕೊಲೇಟಿಗೆ 3 ಚಮಚ ಫೆವಿಕಾಲ್, 1 ಚಮಚ ಕಡುಕಂದು ಅಕ್ರಿಲಿಕ್ ಬಣ್ಣ. ಕಲಸಿ ಕಾಲು ಗಂಟೆ ಬಿಟ್ಟರೆ ಗುಳ್ಳೆ ಹೋಗುತ್ತದೆ. ಮೆಹೆಂದಿ ಕೋನಿನಲ್ಲಿ ತುಂಬಿ ಮೊದಲು ಅಂಚಿನ ಇಳಿಗಳು, ಆಮೇಲೆ ನಡುಭಾಗ. ಹಾಲುಬಣ್ಣ ಕಾಣುವವರೆಗೆ ಒಳಗೆ ಹಸಿ ಇದೆ ಎಂದರ್ಥ, ಒಣಗಿದಾಗ ಕಪ್ಪೇರಿ ಹೊಳೆಯುತ್ತದೆ. ಮೇಲೊಂದು ನೀರಿನ ವಾರ್ನಿಷ್ ಬಳಿಯದಿದ್ದರೆ ತೇವದ ದಿನಗಳಲ್ಲಿ ಅಂಟಂಟಾಗಿ ಸುತ್ತಿದ ಪ್ಲಾಸ್ಟಿಕ್ಕಿಗೆ ಹಿಡಿದುಕೊಳ್ಳುತ್ತದೆ. ಚೆರ್ರಿಗೆ ಏರ್ ಡ್ರೈ ಕ್ಲೇ ಉಂಡೆ ಮಾಡಿ ಕೆಂಪು ನೇಲ್ ಪಾಲಿಶ್ ಹಚ್ಚಿ. ಥರ್ಮಕೋಲ್ ಉಂಡೆಗೆ ಹಚ್ಚಿದರೆ ಅದು ಕರಗಿ ಗುಳಿಬೀಳುತ್ತದೆ, ಸ್ಪ್ರೇ ಪೇಂಟ್ ಕೂಡ ಹಾಗೆಯೇ. ಸ್ಪ್ರಿಂಕಲ್ಸ್‌ಗೆ ಎಂಬ್ರಾಯ್ಡರಿಯ ಉದ್ದ ಕೊಳವೆ ಮಣಿ ಚೆನ್ನ.

ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ಕೇಕ್ ತುಂಡಿನ ಆಕಾರದ ಒಂದೊಂದು ಬಾಕ್ಸ್ ಕೊಡಲು 12 ತುಂಡಿನ ಕೇಕ್ ಮಾಡುವುದಾದರೆ ಬರೀ ಐವರಿ ಶೀಟ್ ಸಾಕು. 12 ಸೆಂ.ಮೀ. ಬದಿಯ ತ್ರಿಕೋನ, 30 ಡಿಗ್ರಿಯಂತೆ ಹಿಂಬದಿ 6.2 ಸೆಂ.ಮೀ. ಎಂದು ಲೆಕ್ಕ ಬರುತ್ತದೆ. ಆ ಲೆಕ್ಕದಲ್ಲಿ ಮಾಡಿದರೆ ಕೊನೆಯ ತುಂಡು ಕೂರುವುದಿಲ್ಲ. 24 ಗೋಡೆಗಳು, ಒಂದೊಂದೂ ಸುಮಾರು 0.4 ಮಿ.ಮೀ. ದಪ್ಪ, ಸೇರಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಹಾಗಾಗಿ ಹಿಂಬದಿಯನ್ನು 6.1 ಇಟ್ಟುಕೊಳ್ಳಿ. ನಡುವಿನ ಮೂತಿಗಳನ್ನೂ 3 ಮಿ.ಮೀ. ಮೊಂಡು ಮಾಡಿ; ಅಲ್ಲಿ ಉಳಿಯುವ ಸಣ್ಣ ತೂತಿನ ಮೇಲೆ ಒಂದು ಚೆರ್ರಿ. ತುಂಡುಗಳಿಗೆ ಪುಟ್ಟಿ ಬೇಡ, ತೆಳು ರಟ್ಟು ಅದರ ಎಳೆತ ತಡೆಯುವುದಿಲ್ಲ. ಫೋಮ್ ಶೀಟಿನ ಪದರಗಳೂ ಲೇಸೂ ಸಾಕು.

ಸಾಗಿಸುವಾಗ ತಟ್ಟೆಯನ್ನೇ ಹಿಡಿಯಬೇಕು, ಕೇಕನ್ನಲ್ಲ. ಒಂದು ರಿಬ್ಬನ್ ತಟ್ಟೆಯ ಕೆಳಗಿನಿಂದ ಅಡ್ಡಡ್ಡ ಬಂದು ಮೇಲೆ ಗಂಟಾಗಲಿ, ವಾರ್ನಿಷ್ ಪೂರ್ತಿ ಒಣಗಿದ ಮೇಲಷ್ಟೇ ಬಿಗಿಯಿರಿ. ಒಳಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಸಣ್ಣ ಮಕ್ಕಳಿರುವ ಮನೆಗೆ ಹೋಗುವ ಬಾಕ್ಸ್ ಆದರೆ ತಟ್ಟೆಯ ಅಂಚಿನಲ್ಲಿ ಎದ್ದು ಕಾಣುವಂತೆ ‘ಇದು ತಿನ್ನುವುದಲ್ಲ’ ಎಂದು ಬರೆಯುತ್ತೇನೆ, ಮಣಿಗಳ ಬದಲು ಬಣ್ಣದ ಚುಕ್ಕೆ ಇಡುತ್ತೇನೆ.